ಗೋಧಿ ಬಿಡಿಸುವ ಮುನ್ನ

ಕಾರವಾರದಿಂದ ಅಂಕೋಲೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪ್ರಯಾಣಿಸುವವರಿಗೆ ಹಟ್ಟಿಕೇರಿ ಎಂದರೆ ಟೋಲ್ ಗೇಟು. ಹೆದ್ದಾರಿ ಬಿಟ್ಟು ಒಳಗಿಳಿದರೆ ಅದೂ ಈ ಕರಾವಳಿಯ ಇತರ ಊರುಗಳಂತೆ ಗದ್ದೆ, ತೆಂಗು, ಮೀನು ಮತ್ತು ಕುಚ್ಚಲಕ್ಕಿಯ ಊರು. ಇಲ್ಲಿ ಗೋಧಿ ಬೆಳೆಯುವುದಿಲ್ಲ. ಹಿಂದಿನ ತಲೆಮಾರಿನ ಅಡುಗೆಮನೆಗಳಲ್ಲಿ ಅದು ಹಬ್ಬದ ಹೋಳಿಗೆಯ ಕಣಕಕ್ಕೆ, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯಕ್ಕೆ, ಸಕ್ಕರೆ ಕಾಯಿಲೆ ಬಂದ ಹಿರಿಯರ ರಾತ್ರಿಯ ಚಪಾತಿಗೆ ಸೀಮಿತವಾಗಿತ್ತು. ಇಂದು ಅದೇ ಊರಿನ ಮಗುವಿನ ದಿನಚರಿಯನ್ನು ಗಮನಿಸಿ. ಬೆಳಿಗ್ಗೆ ಹಾಲಿನೊಡನೆ ಬಿಸ್ಕತ್ತು, ತಿಂಡಿಗೆ ರವೆ ಉಪ್ಪಿಟ್ಟು ಅಥವಾ ಪಾವ್, ಶಾಲೆಯಿಂದ ಬಂದೊಡನೆ ನೂಡಲ್ಸ್ ಅಥವಾ ಬನ್ಸ್, ಊಟಕ್ಕೆ ರವೆಯಲ್ಲಿ ಹೊರಳಿಸಿ ಹುರಿದ ಬಂಗಡೆ. ಅನ್ನದ ನಾಡಿನ ಮಗು ದಿನಕ್ಕೆ ನಾಲ್ಕು ಬಾರಿ ಗೋಧಿ ತಿನ್ನುತ್ತಿದೆ. ಅದು ಗೋಧಿಯೆಂದು ಮನೆಯವರಿಗೆ ಹೊಳೆಯುವುದೂ ಇಲ್ಲ.

ಈ ಬದಲಾವಣೆ ತಾನಾಗಿ ಆದುದಲ್ಲ. 1954ರಲ್ಲಿ ಅಮೆರಿಕ ರೂಪಿಸಿದ ಪಿ.ಎಲ್. 480 ಕಾನೂನಿನಡಿ ಬಂದ ಗೋಧಿ, ಅನಂತರದ ಹಸಿರು ಕ್ರಾಂತಿ, ಪಡಿತರ ವ್ಯವಸ್ಥೆ, ಕೊನೆಗೆ ಮೈದಾ ಉದ್ಯಮ ಇವೆಲ್ಲ ಸೇರಿ ಗೋಧಿಯನ್ನು ದೇಶದ ಮೂಲೆ ಮೂಲೆಗೂ ತಲುಪಿಸಿದವು. 1960ರ ದಶಕದ ಮಧ್ಯದಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ದೇಶದ ಗೋಧಿ ಉತ್ಪಾದನೆ ಈಗ 11 ಕೋಟಿ ಟನ್ ದಾಟಿದೆ. ಹಸಿವನ್ನು ಹಿಮ್ಮೆಟ್ಟಿಸಿದ ಈ ಸಾಧನೆಯನ್ನು ಅರ್ಥಶಾಸ್ತ್ರದ ಯಾವ ವಿದ್ಯಾರ್ಥಿಯೂ ಲಘುವಾಗಿ ಕಾಣಲಾರ. ಆದರೆ ಒಂದು ಧಾನ್ಯ ಹೊಸ ನೆಲಕ್ಕೆ ಬಂದಾಗ ಅದರ ಜೊತೆಗೆ ಬರಬೇಕಾದ ತಿಳಿವಳಿಕೆ ಹಿಂದೆಯೇ ಉಳಿದುಬಿಟ್ಟಿತು. ಗೋಧಿ ಒಗ್ಗದ ಕೆಲವೇ ಮಕ್ಕಳ ಪಾಲಿಗೆ ಈ ಹಿಂದುಳಿಯುವಿಕೆ ದುಬಾರಿಯಾಗುತ್ತಿದೆ.

ನಮ್ಮ ಕಡೆ ತಿಂದದ್ದು ಮೈಗೆ ಆಗದಿದ್ದರೆ ‘ನಂಜು’ ಎನ್ನುತ್ತೇವೆ. ಮೈಮೇಲೆ ದದ್ದು ಎದ್ದರೆ ಪಿತ್ತದ ಗಂಧೆ, ಹೊಟ್ಟೆ ಕೆಟ್ಟರೆ ಅಜೀರ್ಣ, ಮಗು ಬೆಳೆಯದಿದ್ದರೆ ಜಂತುಹುಳು ಅಥವಾ ದೃಷ್ಟಿ. ಓದಿದವರು ಇವೆಲ್ಲಕ್ಕೂ ‘ಅಲರ್ಜಿ’ ಎಂಬ ಒಂದೇ ಹೆಸರು ಕೊಡುತ್ತಾರೆ. ಹೆಸರು ಬದಲಾಯಿತೇ ಹೊರತು ಗೊಂದಲ ಬದಲಾಗಲಿಲ್ಲ. ಗೋಧಿಯಿಂದ ಮಕ್ಕಳಿಗಾಗುವ ತೊಂದರೆಗಳಲ್ಲಿ ಮುಖ್ಯವಾದವು ಎರಡು. ಅವುಗಳ ಕಾರಣ ಬೇರೆ, ಪರೀಕ್ಷೆ ಬೇರೆ, ಭವಿಷ್ಯವೂ ಬೇರೆ.

ಮೊದಲನೆಯದು ನಿಜವಾದ ಗೋಧಿ ಅಲರ್ಜಿ. ಗೋಧಿಯ ಪ್ರೋಟೀನನ್ನು ದೇಹ ಶತ್ರುವೆಂದು ಭಾವಿಸಿ ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿಕೊಂಡಿರುತ್ತದೆ. ಮುಂದಿನ ಬಾರಿ ಗೋಧಿ ಒಳಹೊಕ್ಕಾಗ ಹಿಸ್ಟಮೀನ್ ಮೊದಲಾದ ರಾಸಾಯನಿಕಗಳು ಒಮ್ಮೆಗೇ ಬಿಡುಗಡೆಯಾಗುತ್ತವೆ. ಇದರ ಗುರುತು ವೇಗ. ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಮೈತುಂಬ ಗಂಧೆ, ತುಟಿ ಮತ್ತು ಕಣ್ಣುರೆಪ್ಪೆಗಳ ಊತ, ವಾಂತಿ, ಕೆಮ್ಮು, ಉಬ್ಬಸ ಕಾಣಿಸುತ್ತವೆ. ಅತಿ ತೀವ್ರ ರೂಪದಲ್ಲಿ ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ ಒದಗಬಹುದು. ಇದನ್ನೇ ಅನಾಫಿಲ್ಯಾಕ್ಸಿಸ್ ಎನ್ನುವರು. ಇದರದೇ ಒಂದು ವಿಚಿತ್ರ ರೂಪವೂ ಇದೆ: ಗೋಧಿ ತಿಂದು ಸುಮ್ಮನೆ ಕುಳಿತರೆ ಏನೂ ಆಗದು, ತಿಂದ ಬಳಿಕ ಓಡಿದರೆ ಅಥವಾ ಆಡಿದರೆ ಮಾತ್ರ ಪ್ರತಿಕ್ರಿಯೆ ಉಂಟಾಗುತ್ತದೆ. ಹದಿಹರೆಯದವರಲ್ಲೂ ದೊಡ್ಡವರಲ್ಲೂ ಕಾಣುವ ಇದನ್ನು ಆಟದ ಆಯಾಸವೆಂದು ತಳ್ಳಿಹಾಕುವ ಸಂಭವವೇ ಹೆಚ್ಚು.

ಎರಡನೆಯದು ಸೀಲಿಯಾಕ್ ಕಾಯಿಲೆ. ಇದು ಅಲರ್ಜಿಯಲ್ಲ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನಿನ ನೆಪದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಒಳಪದರವನ್ನು ಹಾಳುಗೆಡವುತ್ತದೆ. ಇದರ ಗುರುತು ನಿಧಾನ. ತಿಂಗಳುಗಟ್ಟಲೆ ಭೇದಿ, ಉಬ್ಬಿದ ಹೊಟ್ಟೆ, ಸೊರಗಿದ ಕೈಕಾಲು, ಏರದ ತೂಕ, ಕುಂಠಿತ ಎತ್ತರ, ಕಬ್ಬಿಣದ ಔಷಧಿಗೂ ಜಗ್ಗದ ರಕ್ತಹೀನತೆ ಇದರ ಲಕ್ಷಣಗಳು. ಕೆಲವು ಮಕ್ಕಳಲ್ಲಿ ಭೇದಿಯೇ ಇರುವುದಿಲ್ಲ. ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ತೋರಿಸಿಕೊಟ್ಟವರು ನೆದರ್ಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944–45ರ ಚಳಿಗಾಲದಲ್ಲಿ, ಯುದ್ಧದಿಂದಾಗಿ ಆ ದೇಶದಲ್ಲಿ ಕ್ಷಾಮ ತಲೆದೋರಿ ಬ್ರೆಡ್ಡು ಸಿಗದಂತಾದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿದಾಗ ಮತ್ತೆ ಮಲಗಿದರು. ಅವರ ಪ್ರೌಢಪ್ರಬಂಧ 1950ರಲ್ಲಿ ಹೊರಬಂತು. ಇವೆರಡೂ ಅಲ್ಲದೆ ಗೋಧಿ ತಿಂದರೆ ಹೊಟ್ಟೆಯುಬ್ಬರವಾಗುವ ಮೂರನೆಯ ಬಗೆಯ ತೊಂದರೆಯೂ ಉಂಟು. ಮೊದಲ ಎರಡನ್ನು ಪರೀಕ್ಷಿಸಿ ಬದಿಗಿಟ್ಟ ಮೇಲಷ್ಟೇ ಅದರ ಮಾತು.

ಇಷ್ಟು ಓದಿ ಪೋಷಕರು ಗಾಬರಿಯಾಗಬೇಕಿಲ್ಲ. ಕರ್ನಾಟಕದಲ್ಲೇ ನಡೆದ ಅಧ್ಯಯನಗಳು ಧೈರ್ಯ ಹೇಳುತ್ತವೆ. ಯೂರೋಪ್ರಿವಾಲ್–ಇಂಕೋ ಎಂಬ ಅಂತರರಾಷ್ಟ್ರೀಯ ಸಮೀಕ್ಷೆಯ ಭಾರತೀಯ ಭಾಗ ನಡೆದದ್ದು ನಮ್ಮ ರಾಜ್ಯದಲ್ಲಿ. 2020ರಲ್ಲಿ ಪ್ರಕಟವಾದ ಅದರ ವರದಿಯಂತೆ ಇಲ್ಲಿನ ಶಾಲಾ ಮಕ್ಕಳಲ್ಲಿ ಎಲ್ಲ ಆಹಾರಗಳನ್ನೂ ಸೇರಿಸಿ ಸಂಭವನೀಯ ಆಹಾರ ಅಲರ್ಜಿಯ ಪ್ರಮಾಣ ಕೇವಲ ಶೇ 0.14, ಹಾಂಗ್‌ಕಾಂಗ್‌ನಲ್ಲಿ ಅದು ಶೇ 1.5. ಇದೇ ಸಮೀಕ್ಷೆ ವಯಸ್ಕರ ಬಗ್ಗೆ 2016ರಲ್ಲಿ ಹೇಳಿದ ಮಾತು ಇನ್ನೂ ಮುಖ್ಯ. ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಐಜಿಇ ಪ್ರತಿಕಾಯ ಕಂಡುಬಂದವರು ಶೇ 26.5ರಷ್ಟಿದ್ದರು, ಅಲರ್ಜಿ ಇರುವ ಸಂಭವವಿದ್ದವರು ಶೇ 1.2 ಮಾತ್ರ. ಅಂದರೆ ಪ್ರಯೋಗಾಲಯದ ಚೀಟಿಯಲ್ಲಿ ‘ಪಾಸಿಟಿವ್’ ಎಂದು ಬಂದವರಲ್ಲಿ ಬಹುಪಾಲು ಜನ ಆ ಆಹಾರವನ್ನು ನಿಶ್ಚಿಂತೆಯಿಂದ ತಿನ್ನಬಲ್ಲವರು. ಗೋಧಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಗೋಧಿಯೂ ಹುಲ್ಲಿನ ಜಾತಿಯದೇ ಆದ್ದರಿಂದ ಹುಲ್ಲಿನ ಪರಾಗಕ್ಕೆ ಸೀನುವ ಮಗುವಿನ ರಕ್ತದಲ್ಲಿ ಗೋಧಿಯ ಐಜಿಇ ಕೂಡ ಕಾಣಿಸಿಕೊಳ್ಳುವುದುಂಟು.

ಸೀಲಿಯಾಕ್ ಬಗ್ಗೆಯೂ 2016ರಲ್ಲಿ ದೇಶದ ಮೂರು ವಲಯಗಳಲ್ಲಿ ವಯಸ್ಕರ ಮೇಲೆ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಈ ರೋಗದ ಪ್ರತಿಕಾಯಗಳು ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10ರಷ್ಟು ಜನರಲ್ಲಿ ಕಂಡುಬಂದವು. ರೋಗಕ್ಕೆ ಅನುವು ಮಾಡಿಕೊಡುವ ವಂಶವಾಹಿಯಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಅಂತರವಿದ್ದದ್ದು ತಟ್ಟೆಯಲ್ಲಿ: ಉತ್ತರದವರ ದಿನದ ಗೋಧಿ ಸರಾಸರಿ 455 ಗ್ರಾಂ, ದಕ್ಷಿಣದವರದು 25 ಗ್ರಾಂ. ಇದೊಂದೇ ಕಾರಣವೆಂದು ಈ ಅಂಕಿಗಳಿಂದ ಸಾಧಿಸಲಾಗದು. ಆದರೆ ದಕ್ಷಿಣದ ತಟ್ಟೆಯಲ್ಲಿ ಗೋಧಿ ಹೆಚ್ಚುತ್ತಿರುವಾಗ ‘ಇದು ಉತ್ತರದವರ ಕಾಯಿಲೆ’ ಎಂದು ನಮ್ಮ ವೈದ್ಯರೂ ಆಡಳಿತಗಾರರೂ ಕೈಕಟ್ಟಿ ಕೂರುವಂತಿಲ್ಲ ಎಂಬುದು ಸ್ಪಷ್ಟ.

ಅಪರೂಪದ ಕಾಯಿಲೆಗೆ ಇರುವ ದೊಡ್ಡ ಅಪಾಯವೆಂದರೆ ಅದು ಗುಂಪಿನಲ್ಲಿ ಮರೆಯಾಗುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಕುಂಠಿತ ಬೆಳವಣಿಗೆಯವರು. ರಕ್ತಹೀನತೆಯಿರುವವರು ಸುಮಾರು ಶೇ 65. ಇಷ್ಟು ದೊಡ್ಡ ಗುಂಪಿನಲ್ಲಿ ಸೀಲಿಯಾಕ್‌ನ ಒಂದು ಮಗು ನಿಂತರೆ ಅದನ್ನು ಬೇರೆಯಾಗಿ ಕಾಣುವ ಕಣ್ಣು ಯಾರಿಗಿದೆ? ಅಂಗನವಾಡಿಯಲ್ಲಿ ಆ ಮಗುವೂ ತೂಕ ಕಡಿಮೆಯ ಸಾಲಿಗೆ ಸೇರುತ್ತದೆ. ಪೌಷ್ಟಿಕ ಆಹಾರವೆಂದು ಹೆಚ್ಚುವರಿ ಹಿಟ್ಟು ಕೊಡುತ್ತಾರೆ. ಆ ಹಿಟ್ಟಿನಲ್ಲಿ ಗೋಧಿ ಇದ್ದರೆ ಮದ್ದೆಂದು ಕೊಟ್ಟದ್ದೇ ರೋಗಕ್ಕೆ ಇಂಧನವಾಗುತ್ತದೆ. ಇಲ್ಲಿ ಯಾರದೂ ದುರುದ್ದೇಶವಿಲ್ಲ. ಎಲ್ಲರೂ ತಮ್ಮ ಕರ್ತವ್ಯ ಮಾಡಿದ್ದಾರೆ, ಆದರೂ ಮಗು ಸೊರಗುತ್ತಿದೆ. ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದವರಿಗೆ ಇಂಥ ಸನ್ನಿವೇಶ ಅಪರಿಚಿತವಲ್ಲ.

ಹಾಗಾದರೆ ಪೋಷಕರು ಮಾಡಬೇಕಾದುದೇನು? ಇಲ್ಲಿ ಕ್ರಮವೇ ಮುಖ್ಯ. ಗೋಧಿ ತಿಂದ ಸ್ವಲ್ಪ ಹೊತ್ತಿಗೇ ದದ್ದು, ಊತ, ವಾಂತಿ, ಉಬ್ಬಸ ಕಂಡರೆ ಆ ಕ್ಷಣದಿಂದಲೇ ಗೋಧಿ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಮಗು ಏನು ತಿಂದಿತು, ಎಷ್ಟು ಹೊತ್ತಿಗೆ ಏನಾಯಿತು, ಹಿಂದೆ ಅದೇ ತಿಂದಾಗ ಏನಾಗಿತ್ತು ಎಂಬುದನ್ನು ಬರೆದುಕೊಂಡು ಹೋದರೆ ಅರ್ಧ ರೋಗನಿರ್ಣಯ ಆದಂತೆಯೇ. ಚರ್ಮದ ಮೇಲಿನ ಚುಚ್ಚು ಪರೀಕ್ಷೆ, ರಕ್ತದ ಐಜಿಇ ಪರೀಕ್ಷೆಗಳು ಆ ಇತಿಹಾಸಕ್ಕೆ ಪೂರಕವೇ ಹೊರತು ಬದಲಿಯಲ್ಲ. ಸಂದೇಹ ಉಳಿದರೆ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರೇ ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಗೋಧಿ ತಿನ್ನಿಸಿ ನೋಡುವ ಪರೀಕ್ಷೆಯೇ ಅಂತಿಮ. ಇದನ್ನು ಮನೆಯಲ್ಲಿ ಎಂದೂ ಮಾಡಬಾರದು. ಇನ್ನು ದುಬಾರಿ ಶುಲ್ಕ ಪಡೆದು ನೂರಾರು ಆಹಾರಗಳ ಪಟ್ಟಿ ಕೊಡುವ ಐಜಿಜಿ ಪರೀಕ್ಷೆಗೆ ಅಲರ್ಜಿ ಗುರುತಿಸುವ ಶಕ್ತಿ ಇಲ್ಲವೇ ಇಲ್ಲ. ಆ ಆಹಾರವನ್ನು ದೇಹ ಕಂಡಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ.

ನಿಧಾನಗತಿಯ ಲಕ್ಷಣಗಳಿದ್ದು ಸೀಲಿಯಾಕ್ ಸಂದೇಹವಿದ್ದರೆ ನಿಯಮ ತಿರುಗುಮುರುಗು. ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಿಸಬಾರದು. ಟಿಟಿಜಿ–ಐಜಿಎ ಎಂಬ ರಕ್ತಪರೀಕ್ಷೆ ಮತ್ತು ಅಗತ್ಯವಿದ್ದರೆ ಸಣ್ಣಕರುಳಿನ ಬಯಾಪ್ಸಿ, ಎರಡೂ ಸರಿಯಾದ ಉತ್ತರ ಕೊಡುವುದು ಮಗು ಗೋಧಿ ತಿನ್ನುತ್ತಿರುವಾಗ ಮಾತ್ರ. ಟಿಟಿಜಿಯ ಜೊತೆಗೆ ಒಟ್ಟು ಐಜಿಎ ಪ್ರಮಾಣವನ್ನೂ ನೋಡಬೇಕು. ಅದೇ ಕಡಿಮೆಯಿರುವ ಮಕ್ಕಳಲ್ಲಿ ಟಿಟಿಜಿ ಸುಳ್ಳು ನೆಮ್ಮದಿ ಕೊಡುತ್ತದೆ. ನೆರೆಮನೆಯವರ ಸಲಹೆಯಂತೆ ಎರಡು ತಿಂಗಳು ಚಪಾತಿ, ಬಿಸ್ಕತ್ತು ಬಿಡಿಸಿ, ಮಗು ಚೇತರಿಸಿಕೊಂಡ ಮೇಲೆ ಪರೀಕ್ಷೆಗೆ ಹೋದರೆ ವರದಿ ‘ಸಹಜ’ ಎಂದು ಬರಬಹುದು. ಆಗ ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಿ, ಮಗುವನ್ನು ಮತ್ತೆ ಕಾಯಿಲೆಗೆ ದೂಡಿ ಪರೀಕ್ಷಿಸಬೇಕಾದ ಕ್ರೂರ ಸ್ಥಿತಿ ಬರುತ್ತದೆ.

ಎರಡು ವಾರ ಬಿಟ್ಟು ನೋಡೋಣ, ಗೋಧಿ ತಿನ್ನದಿದ್ದರೆ ನಷ್ಟವೇನು ಎನ್ನುವವರಿದ್ದಾರೆ. ನಷ್ಟವಿದೆ. ಸೀಲಿಯಾಕ್ ಜೀವನಪೂರ್ತಿಯ ಕಾಯಿಲೆ. ಅದರ ಪಥ್ಯದಲ್ಲಿ ಚಿಟಿಕೆಯಷ್ಟು ಸಡಿಲಿಕೆಗೂ ಆಸ್ಪದವಿಲ್ಲ. ಗೋಧಿ ಅಲರ್ಜಿ ಹಾಗಲ್ಲ. ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತ ಹೋದಂತೆ ಅದು ತಾನೇ ಬಿಟ್ಟುಹೋಗುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ನಾಲ್ಕನೆಯ ವಯಸ್ಸಿಗೆ ಶೇ 29, ಎಂಟಕ್ಕೆ ಶೇ 56, ಹನ್ನೆರಡಕ್ಕೆ ಶೇ 65ರಷ್ಟು ಮಕ್ಕಳು ಅಲರ್ಜಿಯಿಂದ ಹೊರಬಂದಿದ್ದರು. ರೋಗದ ಹೆಸರೇ ತಿಳಿಯದ ಮಗುವಿಗೆ ಪಥ್ಯ ಎಷ್ಟು ಕಟ್ಟುನಿಟ್ಟು, ಎಷ್ಟು ವರ್ಷ, ಮರುಪರೀಕ್ಷೆ ಯಾವಾಗ ಎಂಬುದನ್ನು ಯಾರೂ ಹೇಳಲಾರರು. ಇದ್ದ ರೋಗವನ್ನು ಕಾಣದಿರುವುದು ಒಂದು ತಪ್ಪಾದರೆ, ಇಲ್ಲದ ರೋಗವನ್ನು ಹೊರಿಸಿ ಮಗುವನ್ನು ಪಂಕ್ತಿಯಿಂದ ದೂರ ಕೂರಿಸುವುದು ಇನ್ನೊಂದು ತಪ್ಪು.

ರೋಗ ಖಚಿತವಾದ ಮೇಲೆ ನಿರ್ವಹಣೆಯ ಮಾತು. ಇಲ್ಲಿ ಕರಾವಳಿಯವರು ಅದೃಷ್ಟವಂತರು. ಗೋಧಿಯೇ ಮೂರು ಹೊತ್ತಿನ ಊಟವಾಗಿರುವ ಪಂಜಾಬಿನ ತಾಯಿಗೆ ಗೋಧಿರಹಿತ ಅಡುಗೆ ಹೊಸ ವಿದ್ಯೆ. ಹಟ್ಟಿಕೇರಿಯ ತಾಯಿಗೆ ಅದು ಅಜ್ಜಿಯ ಅಡುಗೆ. ಕುಚ್ಚಲಕ್ಕಿಯ ಗಂಜಿ, ನೀರುದೋಸೆ, ಇಡ್ಲಿ, ಅಕ್ಕಿರೊಟ್ಟಿ, ಅವಲಕ್ಕಿ, ಅಕ್ಕಿ ಶಾವಿಗೆ, ರಾಗಿ ಅಂಬಲಿ, ಮೀನು, ಹೆಸರುಕಾಳು ಯಾವುದರಲ್ಲೂ ಗೋಧಿಯಿಲ್ಲ. ನಗರದ ಮಳಿಗೆಗಳಲ್ಲಿ ‘ಗ್ಲುಟೆನ್ ಮುಕ್ತ’ ಎಂದು ಹಲವು ಪಟ್ಟು ಬೆಲೆಗೆ ಮಾರುವ ಬ್ರೆಡ್ಡು, ಬಿಸ್ಕತ್ತು ಈ ಮಗುವಿಗೆ ಅಗತ್ಯವೇ ಇಲ್ಲ. ಬರಿಯ ಬಿಳಿ ಅನ್ನದಲ್ಲೇ ಮುಗಿಸದೆ ಬೇಳೆಕಾಳು, ರಾಗಿ, ಸೊಪ್ಪು, ಮೀನು ಅಥವಾ ಮೊಟ್ಟೆ ಸೇರಿದರೆ ಪೋಷಣೆಗೆ ಕೊರತೆಯಾಗದು. ಗೋಧಿ ಬಿಡುವುದು ನಮ್ಮಲ್ಲಿ ಅಗ್ಗ. ದುಬಾರಿಯಾಗಿರುವುದು ಅದನ್ನು ಬಿಡಬೇಕೋ ಬೇಡವೋ ಎಂದು ತಿಳಿಯುವುದು.

ಆದರೂ ಎಚ್ಚರ ಬೇಕಾದ ಎಡೆಗಳಿವೆ. ಮಾರುಕಟ್ಟೆಯ ಇಂಗಿನ ಡಬ್ಬಿಯಲ್ಲಿ ಇಂಗಿಗಿಂತ ಹೆಚ್ಚಾಗಿ ಇರುವುದು ಹಿಟ್ಟು. ಅನೇಕ ಬಾರಿ ಅದು ಗೋಧಿಯ ಹಿಟ್ಟು. ಆ ಚಿಟಿಕೆ ಇಂಗು ಸಾರಿನಲ್ಲೂ ಉಪ್ಪಿನಕಾಯಿಯಲ್ಲೂ ಇರುತ್ತದೆ. ಇಡ್ಲಿ ರವೆ ಅಕ್ಕಿಯದು, ಉಪ್ಪಿಟ್ಟಿನ ರವೆ ಗೋಧಿಯದು. ಹೆಸರು ಒಂದೇ ಆದ್ದರಿಂದ ಮೋಸಹೋಗುವುದು ಸುಲಭ. ಸೋಯಾ ಸಾಸ್, ಮಾಲ್ಟ್ ಪೇಯಗಳನ್ನು ಓದಿ ನೋಡಿಯೇ ಕೊಳ್ಳಬೇಕು. ರವೆ ಸವರಿದ ಮೀನು ಹುರಿದ ಎಣ್ಣೆಯಲ್ಲೇ ಹಪ್ಪಳ ಕರಿದರೆ ಹಪ್ಪಳವೂ ಸುರಕ್ಷಿತವಲ್ಲ. ಊರ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ರಾಗಿ ಬೀಸಿಸಿದರೆ ಆ ರಾಗಿ ಹಿಟ್ಟಿನಲ್ಲಿ ಗೋಧಿ ಸೇರಿರುತ್ತದೆ. ಇಂಥ ಮಗುವಿರುವ ಮನೆಯವರು ಮನೆಯಲ್ಲೇ ಬೀಸಿಕೊಳ್ಳುವುದು ಒಳ್ಳೆಯದು. ನೆಂಟರ ‘ಒಂದು ತುತ್ತು ತಿಂದರೆ ಏನಾಗುತ್ತದೆ?’ ಎಂಬ ಅಕ್ಕರೆಯೂ, ‘ಪ್ರಸಾದಕ್ಕೆ ದೋಷವಿಲ್ಲ’ ಎಂಬ ಶ್ರದ್ಧೆಯೂ ಇಲ್ಲಿ ಅಪಾಯಕಾರಿ. ಮಗುವಿನ ಪಾಲಿಗೆ ಹಣ್ಣಿನ ಪ್ರಸಾದ ಕೊಟ್ಟರೆ ದೇವರು ಮುನಿಯಲಾರ.

ಕೊಳ್ಳುವವನಿಗಿಲ್ಲದ ಮಾಹಿತಿ ಮಾರುವವನ ಬಳಿ ಇರುವಾಗ ಸರ್ಕಾರ ನಡುವೆ ಬರಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಾವಳಿ ಪೊಟ್ಟಣದ ಮೇಲೆ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಶೇಂಗಾ ಮೊದಲಾದ ಅಲರ್ಜಿಕಾರಕಗಳನ್ನು ನಮೂದಿಸುವುದನ್ನು ಕಡ್ಡಾಯ ಮಾಡಿದೆ. ಆದರೆ ಆ ಮಾಹಿತಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು. ಪ್ರಾದೇಶಿಕ ಭಾಷೆ ಉತ್ಪಾದಕರ ಇಚ್ಛೆಗೆ ಬಿಟ್ಟದ್ದು. ಕನ್ನಡ ಮಾತ್ರ ಓದಬಲ್ಲ ತಾಯಿಗೆ ಆ ಸಣ್ಣ ಅಕ್ಷರಗಳ ಸಾಲು ಇದ್ದೂ ಇಲ್ಲದಂತೆ. ಗಾಜಿನ ಭರಣಿಯಲ್ಲಿಟ್ಟು ಬಿಡಿಬಿಡಿಯಾಗಿ ಮಾರುವ ಬೇಕರಿ ತಿನಿಸಿನ ಮೇಲೆ ಆ ಸಾಲೂ ಇರುವುದಿಲ್ಲ. ಇನ್ನೊಂದು ಸೂಕ್ಷ್ಮವಿದೆ: ‘ಗ್ಲುಟೆನ್ ಮುಕ್ತ’ ಎಂಬುದು ಕಿಲೋಗೆ 20 ಮಿಲಿಗ್ರಾಂಗಿಂತ ಕಡಿಮೆ ಗ್ಲುಟೆನ್ ಎಂಬ ಅಳತೆ. ಸೀಲಿಯಾಕ್ ಮಗುವಿಗೆ ಅದು ಸಾಕು. ತೀವ್ರ ಗೋಧಿ ಅಲರ್ಜಿಯ ಮಗುವಿಗೆ ‘ಗೋಧಿ ಇಲ್ಲ’ ಎಂಬ ಖಚಿತ ಮಾತೇ ಬೇಕು.

ತುರ್ತಿನ ಪ್ರಶ್ನೆ ಎಲ್ಲಕ್ಕಿಂತ ಗಂಭೀರ. ಅನಾಫಿಲ್ಯಾಕ್ಸಿಸ್‌ಗೆ ಮದ್ದು ಒಂದೇ, ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಅಲರ್ಜಿಯ ಮಾತ್ರೆ ತುರಿಕೆ ಇಳಿಸಬಲ್ಲದು, ಕುಸಿಯುವ ಉಸಿರನ್ನು ಹಿಡಿಯಲಾರದು. ಹೊರದೇಶಗಳಲ್ಲಿ ಪೋಷಕರು ಜೇಬಿನಲ್ಲಿಟ್ಟುಕೊಳ್ಳುವ ಸಿದ್ಧ ಚುಚ್ಚುಮದ್ದಿನ ಪೆನ್ನು ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ಅಡ್ರಿನಲಿನ್‌ನ ಗಾಜಿನ ಆಂಪೂಲು ಅಗ್ಗದ ಔಷಧಿ. ಅದನ್ನು ತಡಮಾಡದೆ ಕೊಡುವ ಧೈರ್ಯವೇ ಬೇಕಾದದ್ದು. ಹಟ್ಟಿಕೇರಿಯವರಿಗೆ ಅಂಕೋಲೆಯ ತಾಲ್ಲೂಕು ಆಸ್ಪತ್ರೆ ಹತ್ತಿರ. ಕಾರವಾರದಲ್ಲಿ 2013ರಿಂದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇದೆ. ಆದರೂ ವಿಶೇಷ ಚಿಕಿತ್ಸೆ ಎಂದೊಡನೆ ಇಲ್ಲಿನ ಜನ ಮಣಿಪಾಲ, ಹುಬ್ಬಳ್ಳಿ, ಗೋವಾದ ದಾರಿ ಹಿಡಿಯುತ್ತಾರೆ. ಸುಸಜ್ಜಿತ ಆಸ್ಪತ್ರೆ ಬೇಕೆಂದು ಈ ಜಿಲ್ಲೆಯ ಜನ 2022ರಲ್ಲಿ ದನಿಯೆತ್ತಿದ್ದನ್ನು ಯಾರೂ ಮರೆತಿಲ್ಲ. ನೂರು ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ ಉಸಿರು ಕಟ್ಟಿದ ಮಗು ಕಾಯಲಾರದು. ಮೊದಲ ಚುಚ್ಚುಮದ್ದು ಊರ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ 108 ವಾಹನದಲ್ಲೋ ಸಿಗಲೇಬೇಕು. ಅಲ್ಲಿಯತನಕ ಮಗುವನ್ನು ಅಂಗಾತ ಮಲಗಿಸಿ ಕಾಲನ್ನು ತುಸು ಎತ್ತರಿಸಬೇಕು. ಉಸಿರಾಟಕ್ಕೆ ಕಷ್ಟವಾದರೆ ಒರಗಿಸಿ ಕೂರಿಸಬಹುದು, ಎಬ್ಬಿಸಿ ನಡೆಸಬಾರದು. ಚೇತರಿಸಿಕೊಂಡರೂ ಕೆಲವು ಗಂಟೆ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಬೇಕು. ಲಕ್ಷಣಗಳು ಎರಡನೆಯ ಬಾರಿ ಮರುಕಳಿಸುವುದುಂಟು.

ಸರ್ಕಾರದಿಂದ ಅಪೇಕ್ಷಿಸಬಹುದಾದದ್ದು ದೊಡ್ಡ ಯೋಜನೆಯೇನಲ್ಲ. ಶಾಲೆ, ಅಂಗನವಾಡಿಗಳ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದಲೇ ನಡೆದಿದೆ. ಕಬ್ಬಿಣದ ಔಷಧಿ ಕೊಟ್ಟರೂ ರಕ್ತಹೀನತೆ ಇಳಿಯದ, ಪೌಷ್ಟಿಕ ಆಹಾರ ಕೊಟ್ಟರೂ ತೂಕ ಏರದ ಮಕ್ಕಳನ್ನು ಟಿಟಿಜಿ ಪರೀಕ್ಷೆಗೆ ಕಳುಹಿಸಬೇಕೆಂಬ ಒಂದು ಸಾಲಿನ ಸೂಚನೆ ಸಾಕು. ಜಿಲ್ಲೆಯ ವೈದ್ಯಕೀಯ ಕಾಲೇಜಿನಲ್ಲಿ ಆ ಪರೀಕ್ಷೆ ಉಚಿತವಾಗಿ ಆಗಬೇಕು. ವಾರಕ್ಕೊಮ್ಮೆಯಾದರೂ ಮಕ್ಕಳ ಅಲರ್ಜಿ ಚಿಕಿತ್ಸಾಲಯ ನಡೆಯಬೇಕು. ವೈದ್ಯರ ಚೀಟಿ ತಂದ ಮಗುವಿಗೆ ಅಂಗನವಾಡಿಯಲ್ಲಿ ಗೋಧಿಯ ಬದಲು ಅಕ್ಕಿ ಅಥವಾ ರಾಗಿ ಕೊಡಲು ಕಾರ್ಯಕರ್ತೆಗೆ ಅಧಿಕಾರವಿರಬೇಕು. ಅದಕ್ಕೆ ಮೇಲಧಿಕಾರಿಯ ಅಪ್ಪಣೆಗಾಗಿ ಕಡತ ಓಡಾಡಬಾರದು. ಪೊಟ್ಟಣಗಳ ಮೇಲಿನ ಅಲರ್ಜಿಯ ಎಚ್ಚರಿಕೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಬೇಕು. ಶಾಲೆಯ ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಅಂಥ ಮಗುವಿನ ಹೆಸರು, ಲಕ್ಷಣ, ಪೋಷಕರ ದೂರವಾಣಿ ಇರುವ ಒಂದು ಹಾಳೆ ಇರಬೇಕು. ಹುಟ್ಟುಹಬ್ಬಕ್ಕೆ ಸಹಪಾಠಿ ಹಂಚುವ ಕೇಕಿನ ತುಂಡಿನಿಂದ ಮಗುವನ್ನು ಕಾಪಾಡಬಲ್ಲವರು ಶಿಕ್ಷಕರೇ.

ಕೊನೆಯದಾಗಿ ಎಳೆಯ ಮಕ್ಕಳ ತಾಯಂದಿರಿಗೆ ಒಂದು ಮಾತು. ಅಲರ್ಜಿಯ ಭಯದಿಂದ ಆರೋಗ್ಯವಂತ ಮಗುವಿಗೆ ಗೋಧಿಯನ್ನು ತಡಮಾಡಿ ಕೊಡುವುದರಿಂದ ಪ್ರಯೋಜನವಿಲ್ಲ. ಆರು ತಿಂಗಳಾದ ಮೇಲೆ ತಾಯಿಹಾಲಿನೊಡನೆ ಇತರ ಆಹಾರಗಳಂತೆ ಅದನ್ನೂ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಬಹುದು. ಗೋಧಿ ಶತ್ರುವಲ್ಲ, ಸಾವಿರಾರು ಮಕ್ಕಳಿಗೆ ಅದು ಒಳ್ಳೆಯ ಆಹಾರ. ಅದು ಒಗ್ಗದ ಕೆಲವೇ ಮಕ್ಕಳನ್ನು ಸಕಾಲದಲ್ಲಿ, ಸರಿಯಾದ ಪರೀಕ್ಷೆಯಿಂದ ಗುರುತಿಸಿದರೆ ಮುಂದಿನ ಕೆಲಸವನ್ನು ಈ ಕರಾವಳಿಯ ಅಡುಗೆಮನೆಗಳು ತಾವೇ ಮಾಡಬಲ್ಲವು. ಆದಕಾರಣ ಮಗುವಿನ ತಟ್ಟೆಯಿಂದ ಗೋಧಿಯನ್ನು ತೆಗೆಯುವ ನಿರ್ಧಾರ ನೆರೆಹೊರೆಯ ಮಾತಿನ ಮೇಲಾಗಲೀ ಹಣ ತೆತ್ತು ತಂದ ಪಟ್ಟಿಯ ಮೇಲಾಗಲೀ ಆಗದೆ, ರೋಗದ ಹೆಸರನ್ನು ತಿಳಿದ ಮೇಲೆ ಆಗಲಿ.